ಕಣ್ಣು ಮುಚ್ಚಿ ನೋಡಿದ ಸಿನಿಮಾ

ತಣುಕು
೮ ಮೇ ೨೦೧೨

ಪ್ರೀತಿಯ ತಮ್ಮ ತಾತಾಜಿಗೆ, ಅಕ್ಕ ಗಂಗಾರತ್ನಂ ಮಾಡುವ ಆಶೀರ್ವಾದ.

ಮೊದಲು ಖರ್ಚು ಹೇಳಿ ಮುಗಿಸುತ್ತೇನೆ, ಆಮೇಲೆ ಮಿಕ್ಕಿದ್ದನ್ನು ಹಗುರವಾಗಿ ಬರೆಯಬಹುದು. ಬಾಲ್ಕನಿ ಟಿಕೆಟ್ಟು ಹನ್ನೆರಡು, ಏಳುನೂರ ಇಪ್ಪತ್ತು. ಫ್ಲೆಕ್ಸು ಸಾವಿರದ ನಾನೂರು. ಅದಕ್ಕೆ ಹಾರ, ಒಡೆಯಲು ತೆಂಗಿನಕಾಯಿ, ಮುನ್ನೂರ ಐವತ್ತು. ಪಟಾಕಿ ಮತ್ತು ಎರಚಲು ಹರಿದ ಬಣ್ಣದ ಕಾಗದ ಮುನ್ನೂರು. ಮೆಸ್ಸು ಅರ್ಧ ದಿನ ಮುಚ್ಚಿದ್ದಕ್ಕೆ ಹೋದದ್ದು ಸಾವಿರದ ಐನೂರು. ಒಟ್ಟು ನಾಲ್ಕು ಸಾವಿರದ ಇನ್ನೂರ ಎಪ್ಪತ್ತು. ಹುಳಿ ಬಂದ ಪೆಸರಟ್ಟು ದೋಸೆಯ ಹಿಟ್ಟು ಬೇರೆ. ಅದನ್ನು ನಿನ್ನ ಬಾವ ಮರುದಿನ "ಇವತ್ತು ಸ್ಪೆಷಲ್" ಎಂದು ಮಾರಿಬಿಟ್ಟರು, ಹಾಗಾಗಿ ಲೆಕ್ಕಕ್ಕೆ ಸೇರಿಸಿಲ್ಲ.

ಫ್ಲೆಕ್ಸಿನಲ್ಲಿ ಎಡಕ್ಕೆ ಅಮೆರಿಕದ ಕಂಚುವೀರುಡು, ಬಲಕ್ಕೆ ಅವನಿಗೆ ತೆಲುಗು ದನಿ ಕೊಟ್ಟ ನೀನು. ನಿನ್ನ ಫೋಟೋ ಅವನಿಗಿಂತ ಒಂದು ಅಡಿ ದೊಡ್ಡದು. ಅಚ್ಚು ಹಾಕುವ ಹುಡುಗ, "ಹೀರೋಗಿಂತ ಇವರು ದೊಡ್ಡದಾಗಿ ಬಂದ್ರೆ ಚೆನ್ನಾಗಿರಲ್ಲ ಅಮ್ಮಾ" ಎಂದ. "ಅವನು ನಮಗೇನು ಆಗ್ಬೇಕಪ್ಪಾ? ದುಡ್ಡು ಕೊಡೋಳು ನಾನು, ದೊಡ್ಡೋನು ನನ್ನ ತಮ್ಮ" ಎಂದೆ. ಕೆಳಗೆ "ತಣುಕಿನ ಕಂಠ, ಲೋಕದ ವೀರ" ಎಂದು ಬರೆಸಿದೆವು.

ಸಿನಿಮಾ ವಿಷಯ. ನಿನ್ನ ಮುಂದೆ ಸುಳ್ಳು ಹೇಳಲಾರೆ, ಈ ಎರಡನೇ ಭಾಗ ನನಗೆ ಹಿಡಿಸಲಿಲ್ಲ. ಮೊದಲನೇ ಭಾಗದಲ್ಲಿ ಅವನಿಗೆ ಮುಖವಿತ್ತು, ಹಸಿವಿತ್ತು, ಮನೆ ಬಾಡಿಗೆ ಕೊಡಲು ಪರದಾಡುತ್ತಿದ್ದ. ಈ ಸಲ ಶಿರಸ್ತ್ರಾಣವನ್ನೇ ತೆಗೆಯಲಿಲ್ಲ. ಆಕಾಶದಲ್ಲಿ ತೂತು ಬಿತ್ತು, ತೂತಿನಿಂದ ರಾಕ್ಷಸ ಬಂದ, ಕಟ್ಟಡಗಳು ಬೀಳತೊಡಗಿದವು. ಮೊದಲ ಕಟ್ಟಡ ಬಿದ್ದಾಗ ಎಲ್ಲರೂ ಅಯ್ಯೋ ಎಂದೆವು. ಆಮೇಲೆ ಅವು ಬೀಳುತ್ತಲೇ ಇದ್ದವು. ಎದುರುಮನೆ ಸೂರಮ್ಮ ಕಡಲೆಕಾಯಿ ಸುಲಿಯುತ್ತ, "ಕಟ್ಟಿದೋರಿಗೆ ಬಿಲ್ಲು ಸಿಕ್ಕಿತ್ತೋ ಇಲ್ವೋ" ಎಂದಳು. ಇಂಟರ್ವೆಲ್ಲಿನ ನಂತರ ಅವಳು ನಿದ್ದೆ ಹೋದಳು. ಅಷ್ಟು ಸದ್ದಿನಲ್ಲಿ! ಎಲ್ಲವೂ ಕಂಪ್ಯೂಟರಿನ ಕೈಚಳಕವಂತೆ. ಇರಬಹುದು. ನಮ್ಮ ಮೆಸ್ಸಿನ ಟೇಬಲ್ಲು ಅಲುಗಿದರೆ ಆಗುವಷ್ಟು ಗಾಬರಿಯೂ ನನಗೆ ಆಗಲಿಲ್ಲ.

ನಿನ್ನ ದನಿ ಚೆನ್ನಾಗಿತ್ತು. ಎಲ್ಲರೂ ಮೆಚ್ಚಿದರು.

ಬಸ್ ಪಾರ್ಸಲ್ಲಿನಲ್ಲಿ ಹೊಸ ಆವಕಾಯಿ ಇಟ್ಟಿದ್ದೇನೆ. ಜೊತೆಗೆ ಅತಿಮಧುರದ ಬೇರು, ಕಾಳುಮೆಣಸು, ಒಣಶುಂಠಿ. ಬೆಳಿಗ್ಗೆ ಎದ್ದ ಕೂಡಲೇ ಬೇರನ್ನು ಅಗಿ. ಉಪ್ಪಿನಕಾಯಿ ಗಂಟಲಿಗೆ ಒರಟು ಎನಿಸಿದರೆ ಬೇರೆಯವರಿಗೆ ಕೊಡು, ನನಗೆ ಬೇಸರವಿಲ್ಲ. ಮತ್ತೆ, ಫೋನ್ ಮಾಡಬೇಡ. ಫೋನಿನಲ್ಲಿ ನೀನು ಯಾವ ದನಿಯಲ್ಲಿ ಬೇಕಾದರೂ ಸುಳ್ಳು ಹೇಳುತ್ತೀ, ಅದೇ ನಿನ್ನ ಕಸುಬು. ಎಂದಿನಂತೆ ಕಾಗದ ಬರೆ.

ನಿನ್ನ ಅಕ್ಕ


ಕೃಷ್ಣಾನಗರ, ಹೈದರಾಬಾದ್
೧೩ ಮೇ ೨೦೧೨

ಅಕ್ಕಾ,

ಪಾರ್ಸಲ್ ಬಂತು. ಜಾಡಿಯ ಮುಚ್ಚಳ ತೆಗೆದದ್ದೇ ತಡ, ಪಕ್ಕದ ಕೋಣೆಯ ಇಬ್ಬರು ಲೈಟ್‌ಬಾಯ್‌ಗಳು ಬಿಸಿ ಅನ್ನದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಎರಡು ದಿನದಲ್ಲಿ ಕಾಲು ಜಾಡಿ ಖಾಲಿ.

ಸಿನಿಮಾಕ್ಕೆ ಅಷ್ಟು ಖರ್ಚು ಯಾಕೆ ಮಾಡಿದೆ? ಫ್ಲೆಕ್ಸು ಬೇಡ ಎಂದು ಮೊದಲೇ ಹೇಳಬೇಕಿತ್ತು ನಾನು. ಅದನ್ನು ಇಳಿಸಿಬಿಡು, ಮಳೆಗೆ ಹಾಳಾಗುತ್ತದೆ. ಮಳೆ ಇನ್ನೂ ಬಂದಿಲ್ಲ ಎನ್ನುತ್ತೀ. ಬಿಸಿಲಿಗೂ ಬಣ್ಣ ಹೋಗುತ್ತದೆ.

ದನಿ ಚೆನ್ನಾಗಿತ್ತು ಎಂದು ಬರೆದಿದ್ದೀ. ಸಂತೋಷ. ಈ ಸಲ ಬಹಳ ಕಷ್ಟವಿತ್ತು. ಶಿರಸ್ತ್ರಾಣದ ಒಳಗಿನಿಂದ ಬಂದ ಹಾಗೆ ಕೇಳಬೇಕೆಂದು ತಲೆಗೆ ಸ್ಟೀಲ್ ಬಕೆಟ್ಟು ಕವುಚಿ ಮಾತಾಡಿಸಿದರು. ಮೂರು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ದೊಡ್ಡ ಕೆಲಸ ಎಂದರೆ ಹಾಗೇ, ತಾಳಿಕೊಳ್ಳಬೇಕು.

ಈಗ ಸ್ವಲ್ಪ ಬಿಡುವು. ಕಾಗದ ಚಿಕ್ಕದಾಯಿತು ಎನ್ನಬೇಡ. ಬಾವನಿಗೆ ನಮಸ್ಕಾರ. ಸೂರಮ್ಮನಿಗೆ ಹೇಳು, ಆ ಕಟ್ಟಡಗಳ ಬಿಲ್ಲು ಯಾರಿಗೂ ಸಿಕ್ಕಿಲ್ಲ.

ತಾತಾಜಿ


ತಣುಕು
೧೫ ಮೇ ೨೦೧೨

ತಮ್ಮಾ,

ಬಿಡುವಿದ್ದವನ ಕಾಗದ ಒಂದೇ ಪುಟ. ಕೆಲಸ ತಲೆಯ ಮೇಲಿದ್ದಾಗ ಎಂಟು ಪುಟ ಬರೆಯುತ್ತಿದ್ದವನು ನೀನು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲಾಗುತ್ತಿಲ್ಲ.

ನಾನು ಹೋದ ಕಾಗದದಲ್ಲಿ ಒಂದು ಸುಳ್ಳು ಬರೆದೆ. ತಪ್ಪಾಯಿತು. ಕಂಚುವೀರುಡು ಬಾಯಿ ತೆರೆದ ಮೊದಲ ಮಾತಿಗೇ ನನಗೆ ಗೊತ್ತಾಯಿತು, ಅದು ನಿನ್ನ ದನಿ ಅಲ್ಲ. ಸುತ್ತ ಹನ್ನೊಂದು ಜನ ಕಾಗದ ಎರಚುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು. ಬಾವ ನನ್ನ ಕಡೆ ತಿರುಗಿ, "ಏನೇ, ತಾತಾಜಿಗೆ ನೆಗಡಿಯಾ?" ಎಂದರು. "ಹೌದು, ಸುಮ್ನೆ ನೋಡಿ" ಎಂದೆ. ಮೊದಲನೇ ಭಾಗದಲ್ಲಿ ಶತ್ರುವಿಗೆ, "ಉಂಡು ಬಂದಿದ್ದೀಯಾ? ಇಲ್ಲಾಂದ್ರೆ ಉಂಡು ಬಾ, ನಾನೆಲ್ಲೂ ಹೋಗಲ್ಲ" ಎಂದು ಹೇಳಿದವನು ನೀನು. ಅದು ನಾನು ಮೆಸ್ಸಿಗೆ ಸಾಲ ವಸೂಲಿಗೆ ಬಂದವರಿಗೆ ಹೇಳುವ ಮಾತು, ನೀನು ಕದ್ದದ್ದು. ಇವತ್ತಿಗೂ ಕಾಲೇಜು ಹುಡುಗರು ಮೆಸ್ಸಿಗೆ ಬಂದು ಅದನ್ನು ನನಗೇ ಹೇಳುತ್ತಾರೆ. ಈ ಸಲದವನು ಬಸ್ ಸ್ಟಾಂಡಿನಲ್ಲಿ ಬಸ್ಸಿನ ಸಮಯ ಹೇಳುವವನ ಹಾಗೆ ಮಾತಾಡಿದ.

ಈಗ ನಿಜ ಹೇಳು. ನಿನ್ನ ಗಂಟಲಿಗೆ ಏನಾಗಿದೆ?

ನಮ್ಮ ದೊಡ್ಡಪ್ಪ ಊರೂರಲ್ಲಿ ಹಾಡಿ ಬುರ್ರಕಥೆ ಹೇಳುತ್ತಿದ್ದವರು, ಗಂಟಲು ಗೀರುತ್ತದೆ ಎಂದು ಯಾರಿಗೂ ಹೇಳದೆ ಒಂದು ವರ್ಷ ಮೆಣಸಿನ ಕಷಾಯ ಕುಡಿದು ಕಳೆದರು. ಡಾಕ್ಟರು ನೋಡುವ ಹೊತ್ತಿಗೆ ಮುಗಿದಿತ್ತು. ಆ ಮನೆಯ ದನಿ ನಿನಗೆ ಬಂದಿದೆ, ಆ ಮನೆಯ ಮುಚ್ಚುಮರೆಯೂ ಬಂದಿದೆಯೇನೋ ಎಂದು ನನಗೆ ಭಯ. ನೀನು ಅರ್ಧಕ್ಕೆ ನಿಲ್ಲಿಸಿದ್ದಕ್ಕೇ ಬೇರೆಯವನನ್ನು ಕರೆಸಿದರು ಎಂದು ನಾನು ಅಂದುಕೊಂಡಿದ್ದೇನೆ. ಬಕೆಟ್ಟಿನ ಕಥೆ ಚೆನ್ನಾಗಿತ್ತು, ಆದರೆ ಅದು ಗಂಟಲು ಹೋದವನು ಕಟ್ಟುವ ಕಥೆ.

ಅಂತರ್ವೇದಿ ಸ್ವಾಮಿಗೆ ಹರಕೆ ಕಟ್ಟಿದ್ದೇನೆ. ನನ್ನ ಬಳೆಗಳು ಬ್ಯಾಂಕಿನಲ್ಲಿ ಸುಮ್ಮನೆ ಕೂತಿವೆ, ಆಸ್ಪತ್ರೆಯ ಖರ್ಚಿಗೆ ಹಿಂದುಮುಂದು ನೋಡಬೇಡ. ಶನಿವಾರದೊಳಗೆ ಸರಿಯಾದ ಉತ್ತರ ಬರದಿದ್ದರೆ ನಿನ್ನ ಬಾವ ರಾತ್ರಿ ರೈಲು ಹತ್ತುತ್ತಾರೆ. ಅವರು ಮೆಸ್ಸು ಬಿಟ್ಟು ಊರು ದಾಟಿದ್ದು ನಮ್ಮ ಮದುವೆಯಲ್ಲಿ ಒಂದೇ ಸಲ. ಅವರು ಬಂದರೆ ನಿನ್ನ ಬಾಯಿ ತೆರೆಸಿ ಟಾರ್ಚು ಹಾಕಿ ನೋಡದೆ ಬಿಡುವುದಿಲ್ಲ.

ಅಕ್ಕ


ಹೈದರಾಬಾದ್
೧೭ ಮೇ ೨೦೧೨

ಅಕ್ಕಾ,

ಬಾವನನ್ನು ರೈಲು ಹತ್ತಿಸಬೇಡ. ನನ್ನ ಗಂಟಲು ಕಲ್ಲಿನ ಹಾಗಿದೆ. ನಿನ್ನ ಬೇರು ಅಗಿಯದೆಯೂ ಹಾಗೇ ಇತ್ತು. ದೇವರಾಣೆ. ಹರಕೆಯ ವಿಷಯ ಸ್ವಾಮಿಯ ಹತ್ತಿರ ನೀನೇ ಮಾತಾಡಿಕೋ.

ಆದದ್ದು ಇಷ್ಟು. ಎರಡನೇ ಭಾಗದ ತೆಲುಗು ಕೆಲಸ ಹೊಸ ಕಂಪನಿಗೆ ಹೋಯಿತು. ಅಲ್ಲಿನವನು ನನ್ನನ್ನು ಕರೆದು, ನಾಲ್ಕು ಮಾತು ಹೇಳಿಸಿ, ಕಾಫಿ ಕೊಟ್ಟ. "ಬಹಳ ಒಳ್ಳೇ ದನಿ ಸಾರ್, ಆದ್ರೆ ಅದ್ರಲ್ಲಿ ನಿಮ್ಮ ಗೋದಾವರಿ ಸೀಮೆ ಕೇಳ್ಸುತ್ತೆ. ಈ ಸಲ ಯಾವ ಊರಿಂದೂ ಅಲ್ಲದ ದನಿ ಬೇಕು ಅಂದಿದ್ದಾರೆ" ಎಂದ. ಯಾವ ಊರಿನದೂ ಅಲ್ಲದವನು ಒಬ್ಬ ಸಿಕ್ಕಿದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಕೋಪವಿಲ್ಲ. ಅಷ್ಟರಲ್ಲಿ ನೀನು "ಎರಡನೇ ಭಾಗಕ್ಕೂ ನೀನೇ ತಾನೇ?" ಎಂದು ಬರೆದಿದ್ದೆ, ನಾನು "ಇನ್ಯಾರು?" ಎಂದು ಬರೆದಾಗಿತ್ತು. ಹೇಗೆ ತಿದ್ದಲಿ? ನೀನು ಹೋಗಿ ಫ್ಲೆಕ್ಸು ಕಟ್ಟಿಸಿದೆ.

ಸಿನಿಮಾದಲ್ಲಿ ನಾನು ಇಲ್ಲವೇ ಇಲ್ಲ ಎಂದಲ್ಲ. ಒಂದು ಮೂಲೆಯಲ್ಲಿ ಇದ್ದೇನೆ. ಎಲ್ಲಿ ಎಂದು ಕೇಳಬೇಡ, ಹೇಳಿಕೊಳ್ಳುವಂಥ ಜಾಗವಲ್ಲ.

ನಿನ್ನ ಮೊದಲ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ದನಿ ಚೆನ್ನಾಗಿತ್ತು ಎಂದು ಬರೆದಿದ್ದೆಯಲ್ಲ. ಹೊತ್ತು ಬೆಳೆಸಿದ ಅಕ್ಕನಿಗೇ ನನ್ನ ದನಿ ಯಾವುದು, ಇನ್ನೊಬ್ಬನದು ಯಾವುದು ತಿಳಿಯದಿದ್ದರೆ ಈ ದನಿ ಇಟ್ಟುಕೊಂಡು ಏನು ಮಾಡಲಿ ಎನಿಸಿತು. ಆ ಸಿಟ್ಟಿನಲ್ಲೇ ಬಕೆಟ್ಟಿನ ಕಥೆ ಬರೆದೆ. ಅದು ನಿಜವೇ, ಬಕೆಟ್ಟು ಹಾಕಿದ್ದು ನಿಜ. ಬೇರೆ ಪಾತ್ರಕ್ಕೆ.

ಇನ್ನೊಂದು ವಿಷಯ. ನಾನು ಬಿಡುತ್ತಿದ್ದೇನೆ ಅಕ್ಕಾ. ಇಲ್ಲಿ ಯಾದಗಿರಿ ಎಂಬ ಗೆಳೆಯ ಪಲ್ಯ, ಸಾರು ಕಟ್ಟಿಕೊಡುವ ಅಂಗಡಿ ಇಟ್ಟಿದ್ದಾನೆ. ಜೂನ್ ಒಂದರಿಂದ ಗಲ್ಲಾದ ಮೇಲೆ ಕೂರಲು ಕರೆದಿದ್ದಾನೆ. ಮೊನ್ನೆ ಹಾಸಿಗೆ ಮಾರುವ ಆಟೋದವನಿಗೆ, "ಹತ್ತಿ ಹಾಸಿಗೆ, ಹಳೇದು ಕೊಟ್ಟು ಹೊಸದು ಒಯ್ಯಿರಿ" ಎಂದು ಅವನ ಮೈಕಿಗೆ ರೆಕಾರ್ಡು ಮಾಡಿ ಕೊಟ್ಟು ಬಂದೆ. ಈಗ ನಮ್ಮ ಬೀದಿಯಲ್ಲೇ ದಿನಕ್ಕೆ ನಾಲ್ಕು ಸಲ ನನ್ನನ್ನೇ ನಾನು ಕೇಳುತ್ತಿದ್ದೇನೆ. ಜನ ಬೈಯುತ್ತ ಕಿಟಕಿ ಮುಚ್ಚುತ್ತಾರೆ. ಹದಿನೆಂಟು ವರ್ಷ ಡಬ್ಬಿಂಗ್ ಬೂತಿನಲ್ಲಿ ನಿಂತೆ. ಸಾಕು.

ಸಿಟ್ಟಾಗಬೇಡ.

ತಾತಾಜಿ


ತಣುಕು
೨೦ ಮೇ ೨೦೧೨, ಭಾನುವಾರ

ತಮ್ಮಾ,

ಗಂಟಲು ಸರಿ ಇದೆ ಎಂದು ಓದಿದ ಮೇಲೆ ಮಿಕ್ಕ ಸಾಲುಗಳನ್ನು ನಿಧಾನವಾಗಿ ಓದಿದೆ. ಬಾವ ಚೀಲ ಕಟ್ಟಿ ಬಾಗಿಲಲ್ಲಿ ಕೂತಿದ್ದರು. "ಏನಂತೆ?" ಎಂದರು. "ಗಂಟಲು ಚೆನ್ನಾಗಿದೆಯಂತೆ, ಬುದ್ಧಿ ಕೆಟ್ಟಿದೆಯಂತೆ" ಎಂದೆ. "ಬುದ್ಧಿಗೆ ಹೈದರಾಬಾದ್‌ವರೆಗೂ ಹೋಗ್ಬೇಕಾಗಿಲ್ಲ, ಕಾಗದದಲ್ಲೇ ಬೈದ್ರೆ ಸಾಕು" ಎಂದು ಚೀಲ ಬಿಚ್ಚಿ ಒಲೆ ಹಚ್ಚಲು ಹೋದರು.

ಎಲ್ಲಿದ್ದೇನೆ ಎಂದು ಕೇಳಬೇಡ ಎಂದಿದ್ದೆ. ಕೇಳಲಿಲ್ಲ. ಹೋಗಿ ಹುಡುಕಿದೆ.

ಆ ಸಿನಿಮಾ ಈಗ ಬೆಳಗಿನ ಆಟಕ್ಕೆ ಮಾತ್ರ ಉಳಿದಿದೆ. ಟಾಕೀಸಿನ ನೂಕರಾಜು ಟಿಕೆಟ್ಟಿನ ಕಿಂಡಿಯಲ್ಲಿ ನನ್ನನ್ನು ನೋಡಿ, "ಅಕ್ಕಾ, ಇದೇನು ಮತ್ತೆ? ಒಂದ್ಸಲ ನೋಡ್ದವ್ರೇ ದುಡ್ಡು ವಾಪಸ್ ಕೊಡಿ ಅಂತ ಜಗಳಕ್ಕೆ ಬರ್ತಿದಾರೆ" ಎಂದ.

"ನೋಡೋಕೆ ಬಂದಿಲ್ಲ ಕಣಯ್ಯಾ. ಕಣ್ಣು ಮುಚ್ಕೊಂಡು ಕೂರೋಕೆ ಬಂದಿದೀನಿ."

"ಮಲಗೋದಾದ್ರೆ ಬಾಲ್ಕನಿ ಬೇಡ, ಕೆಳಗೆ ಫ್ಯಾನು ಜೋರಾಗಿದೆ."

ಕೆಳಗೇ ಕೂತೆ. ನಾನು, ಕೈ ಕೈ ಹಿಡಿದ ಒಂದು ಜೋಡಿ, ಚಪ್ಪಲಿ ತಲೆಯಡಿ ಇಟ್ಟು ಮಲಗಿದ ಒಬ್ಬ ಲಾರಿ ಡ್ರೈವರು. ದೀಪ ಆರಿದ ಕೂಡಲೇ ಸೆರಗಿನಿಂದ ಕಣ್ಣು ಕಟ್ಟಿಕೊಂಡೆ.

ತಾತಾಜಿ, ಕಣ್ಣು ಮುಚ್ಚಿದರೆ ಅದು ಬೇರೆಯೇ ಸಿನಿಮಾ ಕಣೋ. ಆ ತೂತು ಬಿದ್ದ ಆಕಾಶ, ಬೀಳುವ ಗಾಜು, ಬೆಂಕಿ, ಹೊಗೆ, ಎಲ್ಲ ಹೋಯಿತು. ಮನುಷ್ಯರು ಮಾತ್ರ ಉಳಿದರು. ಯಾವುದೋ ಮುದುಕಿ ಬಸ್ಸು ತಪ್ಪಿತೆಂದು ಅಳುತ್ತಿದ್ದಳು. ಯಾರೋ ಮಗುವಿನ ಹೆಸರು ಕೂಗುತ್ತಿದ್ದರು. ಇವರೆಲ್ಲ ನಿನ್ನ ಹಾಗೆ ಬೂತಿನಲ್ಲಿ ಒಬ್ಬೊಬ್ಬರೇ ನಿಂತು, ನೋಡದ ಅಮೆರಿಕದ ಬೀದಿಯಲ್ಲಿ ಓಡುತ್ತಿರುವವರ ಪರವಾಗಿ ಏದುಸಿರು ಬಿಡುತ್ತಿದ್ದಾರೆ ಎಂದು ಆಗ ಹೊಳೆಯಿತು. ಮೊದಲ ಸಲ ನೋಡುವಾಗ ಇವರು ಇದ್ದದ್ದೇ ನನಗೆ ಗೊತ್ತಾಗಿರಲಿಲ್ಲ.

ತರಕಾರಿ ಆರಿಸುವ ಹಾಗೆ ಒಂದೊಂದೇ ದನಿ ಕಿವಿಯಲ್ಲಿ ಹಿಡಿದು ನೋಡಿದೆ. ಪೋಲೀಸಿನವನು, ನೀನಲ್ಲ. ಟಿವಿಯಲ್ಲಿ ಸುದ್ದಿ ಓದುವವನು, ನೀನಲ್ಲ. ಸೇತುವೆಯ ಮೇಲೆ ಸಿಕ್ಕಿಕೊಂಡ ಟ್ಯಾಕ್ಸಿಯವನು, ಅವನು ಇರಬಹುದೇ ಎನಿಸಿತು. ಆದರೆ ಅವನು ಹೆದರಿದ್ದು ಸುಳ್ಳು ಹೆದರಿಕೆ, ನೀನು ಅಷ್ಟು ಕೆಟ್ಟದಾಗಿ ಹೆದರುವವನಲ್ಲ. ಇಂಟರ್ವೆಲ್ ಆಯಿತು. ನೂಕರಾಜು ಟೀ ತಂದು, "ಸಿಕ್ಕಿದ್ನಾ?" ಎಂದ. ಅವನಿಗೆ ಎಲ್ಲ ಹೇಳಿದ್ದೆ. "ಇನ್ನೂ ಇಲ್ಲ" ಎಂದೆ. ಅವನೂ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದ. ಐದು ನಿಮಿಷಕ್ಕೆ ಗೊರಕೆ.

ಕೊನೆಗೆ ಆ ರಾಕ್ಷಸ. ಕಂಚುವೀರುಡು ಅವನನ್ನು ಗೋಪುರಕ್ಕೆ ಚುಚ್ಚಿದ. ಸದ್ದೆಲ್ಲ ನಿಂತಿತು. ರಾಕ್ಷಸ, "ನಂಗೆ ಮನೆಗೆ ಹೋಗ್ಬೇಕು" ಎಂದ. ದನಿಯನ್ನು ಯಂತ್ರದಲ್ಲಿ ಹಾಕಿ ಅರೆದಿದ್ದರು, ಬಾವಿಯೊಳಗೆ ಬಂಡೆ ಉರುಳಿದ ಹಾಗಿತ್ತು. ಯಾರದು ಬೇಕಾದರೂ ಆಗಿರಬಹುದಾದ ದನಿ. ಆದರೆ ಆ ಮಾತಿಗೆ ಮುಂಚೆ ಅವನು ಮೂಗಿನಿಂದ ಒಂದು ಪುಟ್ಟ ಉಸಿರು ಎಳೆದುಕೊಂಡ. ಎಳೆದು, ಒಂದು ಕ್ಷಣ ಹಿಡಿದ.

ನೀನು ಐದು ವರ್ಷದವನಿದ್ದಾಗ ಗದ್ದೆಯ ಬದುವಿನಲ್ಲಿ ಓಡಿ ಕಾಲಿಗೆ ಮುಳ್ಳು ಹೊಕ್ಕಿಸಿಕೊಂಡು ಬರುತ್ತಿದ್ದೆ. ಅಮ್ಮ ಆಗಲೇ ಇರಲಿಲ್ಲ, ಪಿನ್ನು ಹಿಡಿದು ಕೂರುತ್ತಿದ್ದವಳು ನಾನು. ಚುಚ್ಚಿದ ಕೂಡಲೇ ನೀನು ಅಳುತ್ತಿರಲಿಲ್ಲ. ಮೂಗಿನಿಂದ ಹೀಗೇ ಒಂದು ಉಸಿರು ಎಳೆದು, ಹಿಡಿದು, ನನ್ನ ಮುಖ ನೋಡುತ್ತಿದ್ದೆ. ಅಳಬಹುದೇ ಎಂದು ಕೇಳುವ ಹಾಗೆ. ನಾನು "ಅಳೋ, ಪರವಾಗಿಲ್ಲ" ಎಂದ ಮೇಲೆ ಊರೇ ಕೇಳುವ ಹಾಗೆ ಅಳುತ್ತಿದ್ದೆ.

ನಾನು ಕೂತಲ್ಲೇ "ಅಳೋ, ಪರವಾಗಿಲ್ಲ" ಎಂದುಬಿಟ್ಟೆ. ಜೋರಾಗಿಯೇ ಎಂದೆನಂತೆ. ನೂಕರಾಜು ಗಾಬರಿಯಿಂದ ಎದ್ದ. "ಅಕ್ಕಾ, ಯಾಕ್ ಅಳ್ತಿದೀರಿ? ಸತ್ತಿದ್ದು ರಾಕ್ಷಸ ತಾನೇ?"

"ಅವನು ನಮ್ಮೋನು ಕಣಯ್ಯಾ."

ಪಾಪ, ಅವನು ಪರದೆ ನೋಡಿದ, ನನ್ನನ್ನು ನೋಡಿದ. ಪರದೆಯ ಮೇಲೆ ಆರು ಕೈ, ಹಲ್ಲೆಲ್ಲ ಹೊರಗೆ. "ಮುಖದಲ್ಲಿ ಹೋಲಿಕೆ ಇದೆ ಬಿಡಿ" ಎಂದ.

ಹೇಳಿಕೊಳ್ಳುವಂಥ ಜಾಗವಲ್ಲ ಎಂದು ಬರೆದಿದ್ದೀ. ತಮ್ಮಾ, ಅಷ್ಟು ದೊಡ್ಡ ಸಿನಿಮಾದಲ್ಲಿ ನನಗೆ ನೋವು ತಟ್ಟಿದ ಜಾಗ ಅದೊಂದೇ. ಇದನ್ನು ನಿನ್ನ ಸಮಾಧಾನಕ್ಕೆ ಬರೆಯುತ್ತಿಲ್ಲ. ಸಮಾಧಾನಕ್ಕೆ ಬರೆದ ಸುಳ್ಳಿನಿಂದ ಏನಾಗುತ್ತದೆಂದು ನೋಡಿದ್ದಾಯಿತಲ್ಲ.

ಈಗ ವ್ಯಾಪಾರದ ಮಾತು. ನಾನು ಎರಡು ಬಾಣಲೆಯಿಂದ ಶುರುಮಾಡಿ ಇಪ್ಪತ್ತು ಟೇಬಲ್ಲು ಹಾಕಿದವಳು, ನನ್ನ ಮಾತು ಕೇಳು. ವೀರ ಸಿನಿಮಾಕ್ಕೊಬ್ಬನೇ. ಅವನ ದನಿಗೆ ನೂರು ಜನ ಸಾಲು ನಿಂತಿರುತ್ತಾರೆ, ಊರು ಇರಬಾರದು, ಹೆಸರು ಇರಬಾರದು ಎಂಬ ಕರಾರು ಬೇರೆ. ರಾಕ್ಷಸರ ಲೆಕ್ಕ ಹಾಗಲ್ಲ. ಈ ಕಂಪ್ಯೂಟರಿನವರು ಮನುಷ್ಯರ ಮುಖ ಮರೆತಷ್ಟೂ ರಾಕ್ಷಸರನ್ನು ಹುಟ್ಟಿಸುತ್ತ ಹೋಗುತ್ತಾರೆ. ಹುಟ್ಟಿದ ಒಂದೊಂದಕ್ಕೂ ಸಾಯುವಾಗ ಒಂದು ದನಿ ಬೇಕು. ಆ ಅಂಗಡಿಯ ಮುಂದೆ ಸಾಲೇ ಇಲ್ಲ. ನೀನು ಅಂಗಡಿ ತೆರೆಯುವ ಬದಲು ಬೇರೆಯವನ ಗಲ್ಲಾದ ಮೇಲೆ ಕೂರುತ್ತೇನೆ ಎನ್ನುತ್ತೀ. ಅದೂ ಪಲ್ಯದ ಅಂಗಡಿ! ಪಲ್ಯಕ್ಕೆ ಉಪ್ಪು ಎಷ್ಟು ಎಂದು ಗೊತ್ತೇನೋ ನಿನಗೆ?

ಬಿಡುವುದು, ಇರುವುದು ನಿನಗೆ ಸೇರಿದ್ದು. ಬಿಟ್ಟರೂ ನೀನು ನನ್ನ ತಮ್ಮನೇ. ಇರುವುದಾದರೆ ಆ ಉಸಿರನ್ನು ಮಾತ್ರ ಯಾರಿಗೂ ತೆಗೆಯಲು ಬಿಡಬೇಡ.

ಅಕ್ಕ


ಹೈದರಾಬಾದ್
೧೧ ಜೂನ್ ೨೦೧೨

ಅಕ್ಕಾ,

ಮೂರು ವಾರ ಉತ್ತರ ಬರೆಯಲಿಲ್ಲ. ನಿನ್ನ ಕಾಗದವನ್ನು ಎಷ್ಟು ಸಲ ತೆಗೆದೆನೋ, ಆ ಮುಳ್ಳಿನ ಜಾಗಕ್ಕೆ ಬಂದು ನಿಲ್ಲಿಸುತ್ತಿದ್ದೆ. ನಾನು ಹಾಗೆ ಉಸಿರು ಎಳೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅಂಥ ಸಣ್ಣ ಸದ್ದನ್ನೆಲ್ಲ ಕತ್ತರಿಸಿ ಎಸೆಯುವುದು ಸ್ಟುಡಿಯೋದವರ ಪದ್ಧತಿ. ವೀರನ ದನಿಯನ್ನು ಮೂರು ದಿನ ತೊಳೆದು ಒರೆಸಿದರಂತೆ. ರಾಕ್ಷಸನದು ತಾನೇ ಎಂದು ನನ್ನದನ್ನು ಹಾಗೇ ಬಿಟ್ಟರು. ಅವರ ಉದಾಸೀನದಿಂದ ನಾನು ನಿನಗೆ ಸಿಕ್ಕಿದೆ.

ಜೂನ್ ಒಂದರಂದು ಯಾದಗಿರಿಯ ಅಂಗಡಿಗೆ ಹೋದೆ. ಒಂದು ಬೆಳಿಗ್ಗೆ ಕೂತೆ. ಹೆಂಗಸೊಬ್ಬಳು ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆ ಎಂದಳು, ಇನ್ನೊಬ್ಬಳು ಜಾಸ್ತಿ ಎಂದಳು. ಇಬ್ಬರಿಗೂ ಹೌದು ಎಂದೆ. ಯಾದಗಿರಿ ಮಧ್ಯಾಹ್ನ ಹೆಗಲ ಮೇಲೆ ಕೈ ಹಾಕಿ, "ಅಣ್ಣಾ, ನೀನು ಬಂದ್ರೆ ಊಟ ಮಾಡು, ಕೆಲಸ ಮಾಡ್ಬೇಡ" ಎಂದ.

ಸಂಜೆ ದನಿಯವರನ್ನು ಹೊಂದಿಸಿಕೊಡುವ ಭಾಸ್ಕರರಾಜು ಅವರ ಹತ್ತಿರ ಹೋದೆ. "ಇನ್ಮೇಲೆ ರಾಕ್ಷಸ ಇದ್ರೆ ನನ್ನ ಕರೀರಿ" ಎಂದೆ.

ಅವರು ನಕ್ಕುಬಿಟ್ಟರು. "ಎಷ್ಟು ಬೇಕಯ್ಯಾ? ಗ್ರಾಫಿಕ್ಸ್‌ನವ್ರು ದಿನಕ್ಕೊಂದು ಹೆರ್ತಿದಾರೆ. ವೀರ ಆಗಿದ್ದೋರು ಯಾರೂ ರಾಕ್ಷಸ ಆಗೋಕೆ ಒಪ್ಪಲ್ಲ, ಮರ್ಯಾದೆ ಅಡ್ಡ ಬರುತ್ತೆ."

"ನನಗೆ ಅಕ್ಕ ಅಡ್ಡ ಬಂದಿದಾಳೆ" ಎಂದೆ.

ಈಗ ಮಕ್ಕಳ ಟಿವಿಗೆ ಎರಡು ತಲೆಯ ಹಾವು ಒಂದು ನಡೆಯುತ್ತಿದೆ. ಎರಡು ತಲೆಗೂ ನಾನೇ. ಒಂದು ತಲೆ ಯಾವಾಗಲೂ ಚೌಕಾಶಿ ಮಾಡುತ್ತದೆ, ಇನ್ನೊಂದು ಹೂಂ ಹೂಂ ಎನ್ನುತ್ತದೆ. ಚೌಕಾಶಿಯ ತಲೆಗೆ ನಾನು ಯಾರ ದನಿ ಹಾಕಿದ್ದೇನೆಂದು ಹೇಳುವುದಿಲ್ಲ. ಬಾವ ಕೇಳಿದರೆ ಎರಡನೇ ತಲೆ ಯಾರದೆಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಮುಂದಿನ ತಿಂಗಳು ಒಂದು ದೊಡ್ಡ ಸಿನಿಮಾದಲ್ಲಿ ಸಮುದ್ರದಿಂದ ಏಳುವ ಏನೋ ಒಂದು. ಅದಕ್ಕೆ ಇನ್ನೂ ಮುಖ ಮಾಡಿಲ್ಲವಂತೆ, ಬರಿಯ ಹಸಿರು ಬಟ್ಟೆ. ಸಾಯುವ ದೃಶ್ಯ ಮಾತ್ರ ಇದೆ ಎಂದು ಖಾತ್ರಿ ಮಾಡಿಕೊಂಡೆ.

ಆವಕಾಯಿ ಮುಗಿಯಿತು. ಲೈಟ್‌ಬಾಯ್‌ಗಳು ನಿನ್ನ ಆರೋಗ್ಯ ವಿಚಾರಿಸುತ್ತಿದ್ದಾರೆ.

ತಾತಾಜಿ


ತಣುಕು
೧೪ ಜೂನ್ ೨೦೧೨

ತಮ್ಮಾ,

ಮಳೆ ಬಂತು. ಜಾಡಿ ಈ ಬಸ್ಸಿಗೇ ಹಾಕಿದ್ದೇನೆ, ಈ ಸಲ ಎರಡು. ಹಾವನ್ನು ನಿನ್ನೆ ಟಿವಿಯಲ್ಲಿ ನೋಡಿದೆವು. ಬಾವ ನಗುತ್ತ ನಗುತ್ತ ಎದ್ದು ಒಳಗೆ ಹೋದರು. ನಾನು ನಿನಗೆ ಆಮೇಲೆ ಬೈಯುತ್ತೇನೆ.

ಬೀದಿಯವರಿಗೆ ನಿಜ ಹೇಳಿದೆ. ಸೂರಮ್ಮ, "ಹಾಗಾದ್ರೆ ನಾವು ತಪ್ಪಾದೋನಿಗೆ ಶಿಳ್ಳೆ ಹಾಕಿದ್ವಾ?" ಎಂದಳು. "ಮುಂದಿನ ಸಲ ರಾಕ್ಷಸ ಬಂದಾಗ ಹಾಕು" ಎಂದೆ.

ಯಾರಿಗೆ ಏನು ದಕ್ಕಿತು ಎಂದು ಬರೆದು ಈ ವಿಷಯ ಮುಗಿಸುತ್ತೇನೆ. ಅಂತರ್ವೇದಿ ಸ್ವಾಮಿಗೆ, ಕಾಯಿಲೆ ಇಲ್ಲದಿದ್ದರೂ, ಕಟ್ಟಿದ ಹರಕೆ ಸಂದಾಯ. ನೂಕರಾಜುವಿಗೆ ಒಂದು ಟಿಕೆಟ್ಟು ಹೆಚ್ಚಿಗೆ ಮಾರಾಟ, ಒಂದು ನಿದ್ದೆ. ಯಾದಗಿರಿಗೆ ಅವನ ಗಿರಾಕಿಗಳು ಉಳಿದರು. ಯಾವ ಊರಿನದೂ ಅಲ್ಲದ ಹುಡುಗನಿಗೆ ದೊಡ್ಡ ಸಂಬಳ ಬಂದಿರಬೇಕು, ಬರಲಿ. ಸಿನಿಮಾ ಮಾಡಿದ ಅಮೆರಿಕದವರಿಗೆ ಏನು ಬಂತೋ ನನಗೆ ತಿಳಿಯದು. ನಿನಗೆ ಒಂದು ಹಾವು, ಸಮುದ್ರದ ಒಂದು ಏನೋ.

ನನಗೆ, ಕಾಯಿಲೆಯಿಲ್ಲದ ಒಂದು ಗಂಟಲು. ಅದು ಹೈದರಾಬಾದಿನಲ್ಲಿದೆ.

ಅಕ್ಕ